ಹತ್ತು ಸೆಕೆಂಡಿನ ತಪ್ಪು: ಐಸ್ ಹಾಕಿಯಲ್ಲಿ ನ್ಯಾಯ ಹೇಗೆ ನಡೆಯುತ್ತದೆ?

ಇವತ್ತಿನ ಮಾತು ಐಸ್ ಹಾಕಿ ಬಗ್ಗೆ. ಈ ಆಟವನ್ನು ಹೇಗೆ ಆಡುತ್ತಾರೆ, ಗೆದ್ದವರು ಯಾರು ಅಂತ ಹೇಗೆ ತೀರ್ಮಾನ ಮಾಡುತ್ತಾರೆ, ಅದರಲ್ಲಿ ಮೋಸ ಆಗದ ಹಾಗೆ ಹೇಗೆ ನೋಡಿಕೊಳ್ಳುತ್ತಾರೆ ಅನ್ನೋದು ವಿಷಯ. ಕರ್ನಾಟಕದಲ್ಲಿ ಕೂತು ಕೇಳುತ್ತಿರುವವರಿಗೆ ‘ನಮಗ್ಯಾಕ್ರೀ ಈ ಮಂಜುಗಡ್ಡೆ ಆಟ?’ ಅನ್ನಿಸಬಹುದು. ಕೆನಡಾಕ್ಕೆ ಬಂದ ಮೇಲೂ ಎಷ್ಟೋ ವರ್ಷ ನನಗೂ ಹಾಗೇ ಅನ್ನಿಸುತ್ತಿತ್ತು. ಆಮೇಲೆ ಮಗಳು ಆಡೋಕೆ ಶುರು ಮಾಡಿದಳು. ಅಲ್ಲಿಂದ ನನ್ನ ಭಾನುವಾರಗಳೆಲ್ಲ ರಿಂಕ್‌ನಲ್ಲೇ ಕಳೆಯತೊಡಗಿದವು.

ಮೊದಲು ಒಂದು ಘಟನೆ ಹೇಳ್ತೀನಿ. ತಪ್ಪು ನನ್ನದೇ.

ಒಂಟಾರಿಯೊದ ಒಂದು ಚಿಕ್ಕ ಊರು. ಜನವರಿಯ ಭಾನುವಾರ, ಬೆಳಗ್ಗೆ ಏಳೂವರೆ. ಹತ್ತು ವರ್ಷದ ಮಕ್ಕಳ ಪಂದ್ಯ. ಇಲ್ಲಿ ಅನೇಕ ಕಡೆ ಮಕ್ಕಳ ಪಂದ್ಯಗಳಲ್ಲಿ ಗಡಿಯಾರ ನೋಡಿಕೊಳ್ಳುವುದು, ಪೆನಾಲ್ಟಿ ಬಾಕ್ಸ್‌ನ ಬಾಗಿಲು ತೆಗೆದು ಹಾಕುವುದು ಅಪ್ಪ ಅಮ್ಮಂದಿರ ಸರದಿ ಕೆಲಸ. ಅವತ್ತು ಗಡಿಯಾರದ ಸರದಿ ನನ್ನದು. ಗಾಜಿನ ಹಿಂದೆ ಒಂದು ಬೆಂಚು, ಮುಂದೆ ಒಂದು ಸ್ವಿಚ್ಚು. ರೆಫರಿ ಪಕ್ ಬೀಳಿಸಿದರೆ ಗಡಿಯಾರ ಓಡಬೇಕು, ಸೀಟಿ ಊದಿದರೆ ನಿಲ್ಲಬೇಕು. ಇಷ್ಟೇ ಕೆಲಸ.

ಮಗಳ ತಂಡ ಒಂದು ಗೋಲಿನಿಂದ ಹಿಂದಿತ್ತು. ಇನ್ನು 48 ಸೆಕೆಂಡು ಬಾಕಿ. ರೆಫರಿ ಪಕ್ ಬೀಳಿಸಿದ. ನಾನು ಮಗಳನ್ನೇ ನೋಡುತ್ತಾ ಕೂತಿದ್ದೆ, ಸ್ವಿಚ್ ಒತ್ತಲಿಲ್ಲ. ತಲೆ ಎತ್ತಿ ನೋಡಿದಾಗ ಬೋರ್ಡಿನ ಮೇಲೆ ಇನ್ನೂ 48. ಅಷ್ಟೊತ್ತಿಗೆ ಎಂಟು ಹತ್ತು ಸೆಕೆಂಡು ಕಳೆದಿತ್ತು. ಗಾಬರಿಯಲ್ಲಿ ಒತ್ತಿದೆ. ಆಗಲೇ ಎದ್ದು ರೆಫರಿಗೆ ಕೈ ಬೀಸಬೇಕಿತ್ತು. ಬೀಸಲಿಲ್ಲ. ಏನೂ ಆಗಲ್ಲ ಬಿಡು ಅಂದುಕೊಂಡೆ.

ಬೋರ್ಡಿನಲ್ಲಿ ನಾಲ್ಕು ಸೆಕೆಂಡು ಉಳಿದಿದ್ದಾಗ ಮಗಳ ತಂಡ ಗೋಲು ಹೊಡೆಯಿತು. ಪಂದ್ಯ ಸಮ. ನಮ್ಮ ಕಡೆಯವರೆಲ್ಲ ಕುಣಿಯುತ್ತಿದ್ದಾರೆ. ನನಗೆ ಮಾತ್ರ ಕೈ ಕಾಲು ತಣ್ಣಗಾಯಿತು. ಯಾಕೆಂದರೆ ನಾನು ಸರಿಯಾಗಿ ಗಡಿಯಾರ ಓಡಿಸಿದ್ದರೆ ಆ ಗೋಲು ಬೀಳುವ ಹೊತ್ತಿಗೆ ಪಂದ್ಯವೇ ಮುಗಿದಿರುತ್ತಿತ್ತು. ಎದ್ದು ಗಾಜು ತಟ್ಟಿದೆ. ರೆಫರಿ ಬಂದ. ಹದಿನಾರು ವರ್ಷದ ಹುಡುಗ ಇರಬಹುದು. ತೋಳಿಗೆ ಹಸಿರು ಪಟ್ಟಿ. ನಡೆದದ್ದು ಹೇಳಿದೆ.

ಅವನು ಏನು ಮಾಡಿದ ಅನ್ನೋದನ್ನು ಕೊನೆಗೆ ಹೇಳ್ತೀನಿ. ಅದು ಅರ್ಥ ಆಗಬೇಕಾದರೆ ಮೊದಲು ಆಟ ಅರ್ಥ ಆಗಬೇಕು.

ಕೊಡಗಿನ ಹುಲ್ಲಿನ ಮೈದಾನದ ಹಾಕಿ ನೋಡಿದವರಿಗೆ ಇದರ ಅರ್ಧ ಗೊತ್ತು. ಎರಡು ತಂಡ, ಕೈಯಲ್ಲಿ ಸ್ಟಿಕ್, ಎರಡು ಕಡೆ ಗೋಲು. ಆದರೆ ಇಲ್ಲಿ ನೆಲ ಮಂಜುಗಡ್ಡೆ, ಕಾಲಿಗೆ ಸ್ಕೇಟ್. ಚೆಂಡಿನ ಬದಲು ಪಕ್. ಗಟ್ಟಿ ರಬ್ಬರಿನ ಬಿಲ್ಲೆ, ಮೂರು ಇಂಚು ಅಗಲ, ಒಂದು ಇಂಚು ದಪ್ಪ, ತೂಕ ಹತ್ತಿರ ಹತ್ತಿರ 160 ಗ್ರಾಂ. ದೊಡ್ಡ ಪಂದ್ಯಗಳಲ್ಲಿ ಅದನ್ನು ಮೊದಲೇ ಫ್ರೀಜರಿನಲ್ಲಿಟ್ಟಿರುತ್ತಾರೆ, ಪುಟಿಯದೆ ಜಾರಲಿ ಅಂತ. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಸುತ್ತ ಗೋಡೆ, ಅದರ ಮೇಲೆ ಗಾಜು. ಪಕ್ ಗೋಡೆಗೆ ಬಡಿದು ವಾಪಸ್ ಬರುತ್ತೆ, ಹಾಗಾಗಿ ಆಟ ಸುಲಭಕ್ಕೆ ನಿಲ್ಲುವುದಿಲ್ಲ.

ನಮ್ಮ ದೇಶದಲ್ಲೂ ಈ ಆಟ ಇದೆ. ಲಡಾಖ್‌ನಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ಅದರ ಮೇಲೆ ಆಡುತ್ತಾರೆ. 2025ರಲ್ಲಿ ಯುಎಇಯಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಮಹಿಳೆಯರು ಕಂಚು ಗೆದ್ದರು.

ಒಂದು ತಂಡದಿಂದ ಒಮ್ಮೆಗೆ ಆರು ಜನ. ಐವರು ಓಡಾಡುವವರು, ಒಬ್ಬ ಗೋಲಿ. ತಲಾ 20 ನಿಮಿಷದ ಮೂರು ಅವಧಿ. ಸೀಟಿ ಊದಿದಾಗಲೆಲ್ಲ ಗಡಿಯಾರ ನಿಲ್ಲುತ್ತೆ, ಆದ್ದರಿಂದ ಅರವತ್ತು ನಿಮಿಷದ ಪಂದ್ಯ ಎರಡೂವರೆ ಗಂಟೆ ಹಿಡಿಯುತ್ತೆ. ಆಟಗಾರರು ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡುತ್ತಾರೆ, ಬೆಂಚಿಗೆ ಹಾರುತ್ತಾರೆ, ಇನ್ನೊಬ್ಬರು ಇಳಿಯುತ್ತಾರೆ. ಆಟ ನಡೆಯುತ್ತಿರುವಾಗಲೇ ಈ ಅದಲು ಬದಲು. ಎಣಿಕೆ ತಪ್ಪಿ ಒಬ್ಬ ಜಾಸ್ತಿ ಇಳಿದರೆ ಅದಕ್ಕೂ ಶಿಕ್ಷೆ ಇದೆ.

ಮಂಜುಗಡ್ಡೆ ಮೇಲೆ ಗೆರೆಗಳು ಕಾಣುತ್ತವಲ್ಲ, ಅವು ಅಂದಕ್ಕೆ ಹಾಕಿದ್ದಲ್ಲ. ಎರಡು ನೀಲಿ ಗೆರೆ ಇವೆ. ಪಕ್ ಒಳಗೆ ಹೋಗುವ ಮುಂಚೆ ದಾಳಿ ಮಾಡುವ ತಂಡದ ಯಾರೂ ಎದುರಾಳಿಯ ನೀಲಿ ಗೆರೆ ದಾಟಿ ಒಳಗಿರಬಾರದು. ಇದ್ದರೆ ಆಫ್‌ಸೈಡ್. ಈ ನಿಯಮ ಇಲ್ಲದಿದ್ದರೆ ಒಬ್ಬ ಗೋಲಿನ ಪಕ್ಕದಲ್ಲೇ ಹೊಂಚು ಹಾಕಿ ನಿಂತಿರುತ್ತಿದ್ದ, ಉಳಿದವರು ದೂರದಿಂದ ಎಸೆಯುತ್ತಿದ್ದರು. ಇನ್ನೊಂದು ‘ಐಸಿಂಗ್’. ನಡುಗೆರೆಯ ಈಚೆಯಿಂದ ಪಕ್ಕನ್ನು ಯಾರಿಗೂ ಸಿಗದ ಹಾಗೆ ಆ ತುದಿಗೆ ತಳ್ಳಿಬಿಟ್ಟರೆ ಆಟ ನಿಲ್ಲಿಸಿ, ಪಕ್ಕನ್ನು ತಳ್ಳಿದವನ ಗೋಲಿನ ಹತ್ತಿರಕ್ಕೇ ತರುತ್ತಾರೆ. ಮುಂದಿದ್ದ ತಂಡಗಳು ಹೊತ್ತು ಕಳೆಯೋಕೆ ಬರೀ ಪಕ್ ಎಸೆಯುತ್ತಾ ಕೂರುತ್ತಿದ್ದವು. ಅದನ್ನು ತಡೆಯೋಕೆ 1937ರಲ್ಲಿ ಎನ್‌ಎಚ್‌ಎಲ್ ಈ ನಿಯಮ ತಂದಿತು.

ಎರಡೂ ನಿಯಮಗಳನ್ನು ಗಮನಿಸಿ. ಯಾರೋ ಆಟದಲ್ಲಿ ಒಂದು ಕಳ್ಳದಾರಿ ಕಂಡುಹಿಡಿಯುತ್ತಾರೆ, ಆಮೇಲೆ ಅದಕ್ಕೊಂದು ಬೇಲಿ ಬೀಳುತ್ತೆ. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಶಿಕ್ಷೆಯ ವಿಷಯಕ್ಕೆ ಬರೋಣ. ಈ ಆಟದ ಜೀವ ಇರೋದೇ ಇಲ್ಲಿ.

ದೊಡ್ಡವರ ಆಟದಲ್ಲಿ ಪಕ್ ಹಿಡಿದವನಿಗೆ ಭುಜದಿಂದ ಡಿಕ್ಕಿ ಹೊಡೆಯಬಹುದು, ಅದು ತಪ್ಪಲ್ಲ. ಆದರೆ ಕಾಲಿಗೆ ಸ್ಟಿಕ್ ಕೊಟ್ಟು ಬೀಳಿಸಿದರೆ, ಸ್ಟಿಕ್ಕಿನಿಂದ ಕೊಕ್ಕೆ ಹಾಕಿ ಎಳೆದರೆ, ಹಿಡಿದು ನಿಲ್ಲಿಸಿದರೆ ತಪ್ಪು. ಸಾಮಾನ್ಯ ತಪ್ಪಿಗೆ ಎರಡು ನಿಮಿಷ ಪೆನಾಲ್ಟಿ ಬಾಕ್ಸ್. ಅಷ್ಟು ಹೊತ್ತು ಅವನ ಜಾಗದಲ್ಲಿ ಯಾರೂ ಇಳಿಯುವ ಹಾಗಿಲ್ಲ. ಐವರ ಎದುರು ನಾಲ್ವರು. ಇದನ್ನು ‘ಪವರ್ ಪ್ಲೇ’ ಅಂತಾರೆ. ಕ್ರಿಕೆಟ್ಟಿನಿಂದ ನಮಗೆ ಗೊತ್ತಿರೋ ಪದವೇ, ಅರ್ಥ ಮಾತ್ರ ಬೇರೆ. ದೊಡ್ಡ ತಪ್ಪಾದರೆ ಐದು ನಿಮಿಷ.

ರೆಫರಿ ಸೀಟಿ ಊದುವ ರೀತಿ ಕೂಡ ನೋಡಿ. ತಪ್ಪು ಮಾಡಿದವರ ಎದುರಾಳಿಯ ಹತ್ತಿರ ಪಕ್ ಇದ್ದರೆ ಅವನು ತಕ್ಷಣ ಊದುವುದಿಲ್ಲ. ಒಂದು ಕೈ ಮೇಲೆತ್ತಿ ಸುಮ್ಮನೆ ಅವರ ಜೊತೆ ಜಾರುತ್ತಾನೆ. ತಪ್ಪು ಮಾಡಿದ ತಂಡದವರು ಪಕ್ ತಮ್ಮ ವಶಕ್ಕೆ ತೆಗೆದುಕೊಂಡ ಕ್ಷಣ ಸೀಟಿ. ಯಾಕೆ ಹೀಗೆ? ಪೆಟ್ಟು ತಿಂದವರ ಅವಕಾಶವನ್ನು ರೆಫರಿಯ ಸೀಟಿಯೇ ಕಿತ್ತುಕೊಳ್ಳಬಾರದು ಅಂತ. ಆ ಹೊತ್ತಿನಲ್ಲಿ ಅವರು ತಮ್ಮ ಗೋಲಿಯನ್ನು ಬೆಂಚಿಗೆ ಕರೆಸಿ ಆರನೇ ದಾಳಿಗಾರನನ್ನು ಇಳಿಸುತ್ತಾರೆ. ಎದುರಾಳಿ ಪಕ್ ಹಿಡಿದರೆ ಆಟವೇ ನಿಲ್ಲುತ್ತೆ, ಹಾಗಾಗಿ ಖಾಲಿ ಗೋಲಿನ ಭಯ ಅಷ್ಟಿಲ್ಲ.

ನಾವು ಹಳ್ಳಿ ಶಾಲೆ ಬಯಲಲ್ಲಿ ಕಬಡ್ಡಿ ಆಡಿ ಬೆಳೆದವರು. ಅಲ್ಲೂ ಔಟಾದವನು ಗೆರೆಯಾಚೆ ಕೂರುತ್ತಾನೆ, ಉಳಿದವರು ಕಮ್ಮಿ ಜನರಲ್ಲಿ ಆಡಬೇಕು. ನಮ್ಮವರು ಎದುರಾಳಿಯನ್ನು ಔಟ್ ಮಾಡಿದರೆ ಕೂತವನಿಗೆ ಜೀವ ಬರುತ್ತೆ. ಐಸ್ ಹಾಕಿಯಲ್ಲಿ ಇದು ತಿರುವುಮುರುವು. ಎರಡು ನಿಮಿಷದ ಶಿಕ್ಷೆಯಲ್ಲಿ ಕೂತವನು ಬೇಗ ಹೊರಗೆ ಬರುವುದು ಎದುರಾಳಿ ಗೋಲು ಹೊಡೆದಾಗ! ಮೊದಲ ಸಲ ನೋಡಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಇದು ಸಾಲದ ಲೆಕ್ಕ. ನೀನು ತಪ್ಪು ಮಾಡಿದೆ, ನಿನ್ನ ತಂಡ ಅದಕ್ಕೆ ಒಂದು ಗೋಲು ತೆತ್ತಿತು, ಸಾಲ ತೀರಿತು, ಒಳಗೆ ಬಾ.

ಮೊದಲು ಹೀಗಿರಲಿಲ್ಲ. ಎಷ್ಟು ಗೋಲು ಬಿದ್ದರೂ ಎರಡು ನಿಮಿಷ ಪೂರ್ತಿ ಕೂರಬೇಕಿತ್ತು. 1955ರ ನವೆಂಬರ್ 5ರಂದು ಮಾಂಟ್ರಿಯಲ್ ತಂಡದ ಜಾನ್ ಬೆಲಿವೊ ಬಾಸ್ಟನ್ ವಿರುದ್ಧ ಪವರ್ ಪ್ಲೇ ಹೊತ್ತಿನಲ್ಲಿ ಕೇವಲ 44 ಸೆಕೆಂಡುಗಳಲ್ಲಿ ಮೂರು ಗೋಲು ಹೊಡೆದರು. ಆ ಕಾಲದ ಮಾಂಟ್ರಿಯಲ್ ತಂಡದ ಎದುರು ಒಂದು ಚಿಕ್ಕ ತಪ್ಪು ಮಾಡಿದರೂ ಪಂದ್ಯವೇ ಕೈಬಿಟ್ಟು ಹೋಗುತ್ತಿತ್ತು. ತಪ್ಪು ಚಿಕ್ಕದು, ದಂಡ ದೊಡ್ಡದು. 1956–57ರ ಋತುವಿನಿಂದ ನಿಯಮ ಬದಲಾಯಿತು: ಒಂದು ಗೋಲು ಬಿದ್ದರೆ ಎರಡು ನಿಮಿಷದ ಶಿಕ್ಷೆ ಮುಗಿಯಿತು. ಐದು ನಿಮಿಷದ ದೊಡ್ಡ ಶಿಕ್ಷೆಗೆ ಈ ವಿನಾಯಿತಿ ಇಲ್ಲ. ಅಲ್ಲಿ ಎಷ್ಟು ಗೋಲು ಬಿದ್ದರೂ ಪೂರ್ತಿ ಕೂರಲೇಬೇಕು.

ಇನ್ನೊಂದು ತಮಾಷೆ. 2024ರ ಜನವರಿಯಲ್ಲಿ ಶುರುವಾದ ಮಹಿಳೆಯರ ವೃತ್ತಿಪರ ಲೀಗ್, ಪಿಡಬ್ಲ್ಯುಎಚ್‌ಎಲ್, ಒಂದು ಹೊಸ ನಿಯಮ ತಂದಿದೆ. ಒಬ್ಬರು ಕಮ್ಮಿ ಇರುವ ತಂಡವೇ ಗೋಲು ಹೊಡೆದರೆ ಬಾಕ್ಸ್‌ನಲ್ಲಿ ಕೂತವಳು ತಕ್ಷಣ ಬಿಡುಗಡೆ. ಅವರು ಅದಕ್ಕೆ ‘ಜೈಲ್‌ಬ್ರೇಕ್’ ಅಂತ ಹೆಸರಿಟ್ಟಿದ್ದಾರೆ. ನಮಗೆ ಅದು ಅಪ್ಪಟ ಕಬಡ್ಡಿ.

ಸರಿ, ಗೆದ್ದವರು ಯಾರು ಅಂತ ಹೇಗೆ ತೀರ್ಮಾನ? ಹೆಚ್ಚು ಗೋಲು ಹೊಡೆದವರು. ಸಮ ಆದರೆ? ನ್ಯಾಯದ ಪ್ರಶ್ನೆ ಇಲ್ಲಿ ಮತ್ತೆ ಏಳುತ್ತೆ.

ಎನ್‌ಎಚ್‌ಎಲ್‌ನ ಸಾಮಾನ್ಯ ಲೀಗ್ ಪಂದ್ಯಗಳಲ್ಲಿ ಐದು ನಿಮಿಷ ಓವರ್‌ಟೈಮ್. 2015–16ರಿಂದ ಆ ಓವರ್‌ಟೈಮಿನಲ್ಲಿ ಗೋಲಿ ಬಿಟ್ಟು ಮೂವರ ಎದುರು ಮೂವರು. ಜಾಗ ಜಾಸ್ತಿ, ಗೋಲು ಬೇಗ. ಮೊದಲ ಗೋಲು ಬಿದ್ದ ತಕ್ಷಣ ಪಂದ್ಯ ಮುಗಿಯಿತು. ಆಗಲೂ ಆಗದಿದ್ದರೆ ಶೂಟೌಟ್: ಒಬ್ಬನೇ ಆಟಗಾರ, ಒಬ್ಬನೇ ಗೋಲಿ. ಮೊದಲು ತಲಾ ಮೂರು ಅವಕಾಶ, ಆಮೇಲೂ ಸಮವಾದರೆ ಒಂದೊಂದಾಗಿ. 2005–06ರಲ್ಲಿ ಇದನ್ನು ತಂದರು. ಅದಕ್ಕೂ ಮುಂಚೆ ಲೀಗ್ ಪಂದ್ಯಗಳು ಸಮದಲ್ಲೇ ಮುಗಿಯಬಹುದಿತ್ತು.

ಆದರೆ ಪ್ಲೇಆಫ್‌ನಲ್ಲಿ, ಅಂದರೆ ಸ್ಟ್ಯಾನ್ಲಿ ಕಪ್‌ಗಾಗಿ ಆಡುವಾಗ, ಶೂಟೌಟ್ ಇಲ್ಲವೇ ಇಲ್ಲ. ಐವರ ಎದುರು ಐವರು, 20 ನಿಮಿಷದ ಅವಧಿಗಳು, ಯಾರಾದರೂ ಗೋಲು ಹೊಡೆಯುವವರೆಗೆ. 1936ರ ಮಾರ್ಚ್‌ನಲ್ಲಿ ಡೆಟ್ರಾಯ್ಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ನಡುವೆ ಓವರ್‌ಟೈಮೇ 116 ನಿಮಿಷ 30 ಸೆಕೆಂಡು ನಡೆಯಿತು. ಕೊನೆಗೆ ಬಿದ್ದದ್ದು ಒಂದೇ ಗೋಲು. ಡೆಟ್ರಾಯ್ಟ್ 1–0ಯಿಂದ ಗೆದ್ದಿತು. ಎನ್‌ಎಚ್‌ಎಲ್ ಚರಿತ್ರೆಯಲ್ಲಿ ಇವತ್ತಿಗೂ ಅದೇ ಅತಿ ಉದ್ದದ ಪಂದ್ಯ.

ಯಾವುದು ಹೆಚ್ಚು ನ್ಯಾಯ? ಶೂಟೌಟ್ ಅಂದರೆ ಲಾಟರಿ ಇದ್ದ ಹಾಗೆ, ತಂಡದ ಆಟವನ್ನು ಒಬ್ಬನ ಕೈಚಳಕಕ್ಕೆ ಒಪ್ಪಿಸಿದ ಹಾಗೆ ಅನ್ನುವವರಿದ್ದಾರೆ. ಚಳಿಗಾಲ ಪೂರ್ತಿ ಎರಡು ದಿನಕ್ಕೊಂದು ಪಂದ್ಯ ಆಡುವವರನ್ನು ಮಧ್ಯರಾತ್ರಿವರೆಗೆ ಓಡಿಸುವುದೂ ನ್ಯಾಯವಲ್ಲ ಅನ್ನುವವರೂ ಇದ್ದಾರೆ. ಆಟ ಎರಡನ್ನೂ ಇಟ್ಟುಕೊಂಡಿದೆ.

ಅಂಕದ ಲೆಕ್ಕದಲ್ಲೂ ಇದೇ ಜಗಳ. ಎನ್‌ಎಚ್‌ಎಲ್‌ನಲ್ಲಿ ಗೆದ್ದವರಿಗೆ ಎರಡು ಅಂಕ. ಅರವತ್ತು ನಿಮಿಷದೊಳಗೆ ಸೋತರೆ ಸೊನ್ನೆ. ಓವರ್‌ಟೈಮ್ ಅಥವಾ ಶೂಟೌಟ್‌ನಲ್ಲಿ ಸೋತರೆ ಒಂದು. ಹಾಗಾಗಿ ಕೆಲವು ಪಂದ್ಯಗಳಲ್ಲಿ ಒಟ್ಟು ಎರಡು ಅಂಕ ಹಂಚಿಕೆಯಾದರೆ ಕೆಲವದರಲ್ಲಿ ಮೂರು. ಕೊನೆಯ ನಿಮಿಷಗಳಲ್ಲಿ ಸಮ ಇದ್ದಾಗ ಎರಡೂ ತಂಡಗಳು ‘ಒಂದು ಅಂಕ ಹೇಗೂ ಗ್ಯಾರಂಟಿ’ ಅಂತ ಹುಷಾರಾಗಿ ಆಡಿಬಿಡಬಹುದು. ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಟೂರ್ನಿಗಳಲ್ಲಿ ಲೆಕ್ಕ ಬೇರೆ. ನೇರ ಗೆಲುವಿಗೆ ಮೂರು, ಓವರ್‌ಟೈಮ್ ಗೆಲುವಿಗೆ ಎರಡು, ಓವರ್‌ಟೈಮ್ ಸೋಲಿಗೆ ಒಂದು. ಪ್ರತಿ ಪಂದ್ಯಕ್ಕೂ ಮೂರೇ ಅಂಕ. ಅಂಗಡಿ ಲೆಕ್ಕ ಬರೆದು ಅಭ್ಯಾಸ ಇರುವವರಿಗೆ ಎರಡನೆಯದೇ ಸರಿ ಅನ್ನಿಸುತ್ತೆ.

ಈಗ ತೀರ್ಪುಗಾರರು. ಎನ್‌ಎಚ್‌ಎಲ್ ಪಂದ್ಯದಲ್ಲಿ ಮಂಜುಗಡ್ಡೆ ಮೇಲೆ ನಾಲ್ವರು. ತೋಳಿಗೆ ಕಿತ್ತಳೆ ಪಟ್ಟಿ ಇರುವ ಇಬ್ಬರು ರೆಫರಿಗಳು, ಪಟ್ಟಿ ಇಲ್ಲದ ಇಬ್ಬರು ಲೈನ್ಸ್‌ಮನ್‌ಗಳು. ಶಿಕ್ಷೆ ಕೊಡುವುದು ರೆಫರಿ, ಆಫ್‌ಸೈಡ್ ಐಸಿಂಗ್ ನೋಡುವುದು ಲೈನ್ಸ್‌ಮನ್. ಇವರಲ್ಲದೆ ಟೊರಾಂಟೊದಲ್ಲಿ ಲೀಗಿನ ಒಂದು ಕೋಣೆ ಇದೆ. ಎಲ್ಲ ಪಂದ್ಯಗಳ ದೃಶ್ಯ ಅಲ್ಲಿಗೆ ಬರುತ್ತೆ. ಪಕ್ ಗೆರೆಯನ್ನು ಪೂರ್ತಿ ದಾಟಿತೇ, ಕಾಲಿನಿಂದ ಒದ್ದು ಗೋಲು ಮಾಡಿದರೇ ಅನ್ನೋದನ್ನೆಲ್ಲ ಅಲ್ಲಿ ಕೂತವರು ಮತ್ತೆ ಮತ್ತೆ ಓಡಿಸಿ ನೋಡುತ್ತಾರೆ.

ಕೋಚ್ ಕೂಡ ಪ್ರಶ್ನೆ ಮಾಡಬಹುದು. ಎದುರಾಳಿಯ ಗೋಲಿಗೆ ಮುಂಚೆ ಆಫ್‌ಸೈಡ್ ಆಗಿತ್ತು, ನಮ್ಮ ಗೋಲಿಗೆ ಅಡ್ಡಿ ಮಾಡಿದರು ಅಂತ. ಕ್ರಿಕೆಟ್ಟಿನ ಡಿಆರ್‌ಎಸ್ ಇದ್ದ ಹಾಗೇ, ಆದರೆ ಸೋತರೆ ಕಳೆದುಕೊಳ್ಳುವುದು ಒಂದು ರಿವ್ಯೂ ಅಲ್ಲ. ನಿಮ್ಮ ತಂಡಕ್ಕೆ ಎರಡು ನಿಮಿಷದ ಶಿಕ್ಷೆ ಬೀಳುತ್ತೆ. ಅದೇ ಪಂದ್ಯದಲ್ಲಿ ಎರಡನೇ ಸಲ ಸೋತರೆ ನಾಲ್ಕು ನಿಮಿಷ. ಅಂದರೆ ‘ಅನ್ಯಾಯ’ ಅಂತ ಕೂಗುವುದಕ್ಕೂ ಇಲ್ಲಿ ಬೆಲೆ ಕಟ್ಟಿದ್ದಾರೆ. ಖಚಿತ ಇದ್ದರೆ ಮಾತ್ರ ಕೂಗು.

ಈ ವ್ಯವಸ್ಥೆ ಸುಮ್ಮನೆ ಹುಟ್ಟಲಿಲ್ಲ. 2013ರ ಫೆಬ್ರವರಿಯಲ್ಲಿ ಕೊಲರಾಡೊ ತಂಡದ ಮ್ಯಾಟ್ ಡುಶೇನ್ ನ್ಯಾಶ್‌ವಿಲ್ ವಿರುದ್ಧ ಒಂದು ಗೋಲು ಹೊಡೆದರು. ಪಕ್ಕಿಗಿಂತ ಎಷ್ಟೋ ಅಡಿ ಮುಂಚೆ ಅವರು ನೀಲಿ ಗೆರೆಯೊಳಗಿದ್ದರು. ಟಿವಿ ನೋಡುತ್ತಿದ್ದ ಮಗುವಿಗೂ ಕಾಣುವಂಥ ಆಫ್‌ಸೈಡ್. ಆದರೆ ಲೈನ್ಸ್‌ಮನ್ ಕೈ ಎತ್ತಲಿಲ್ಲ, ಆಗ ಅದನ್ನು ವಿಡಿಯೊದಲ್ಲಿ ನೋಡಿ ಸರಿಪಡಿಸುವ ನಿಯಮವೂ ಇರಲಿಲ್ಲ. ಗೋಲು ಉಳಿಯಿತು. 2015–16ರಲ್ಲಿ ಕೋಚ್ ಪ್ರಶ್ನೆಯ ನಿಯಮ ಬಂದಾಗ ಎಲ್ಲರ ಬಾಯಲ್ಲೂ ಆ ಗೋಲಿನ ಮಾತೇ ಇತ್ತು.

2019ರದ್ದು ಇನ್ನೂ ದೊಡ್ಡದು. ಏಪ್ರಿಲ್ 23, ಸ್ಯಾನ್ ಹೋಸೆ ಮತ್ತು ವೇಗಸ್ ನಡುವೆ ಪ್ಲೇಆಫ್‌ನ ಏಳನೇ ಪಂದ್ಯ. ಸೋತವರು ಮನೆಗೆ. ಮೂರನೇ ಅವಧಿಯಲ್ಲಿ ವೇಗಸ್ 3–0ಯಿಂದ ಮುಂದಿತ್ತು. ಆಗ ವೇಗಸ್‌ನ ಕೋಡಿ ಈಕಿನ್ ತಳ್ಳಿದ್ದರಿಂದ ಸ್ಯಾನ್ ಹೋಸೆಯ ಜೋ ಪವೆಲ್ಸ್ಕಿ ಆಯ ತಪ್ಪಿದರು, ಬೀಳುವಾಗ ತಲೆ ಮಂಜುಗಡ್ಡೆಗೆ ಬಡಿಯಿತು. ರಕ್ತ ಬಂತು. ತಳ್ಳಿದ್ದು ಅಂಥ ಜೋರಾಗಿರಲಿಲ್ಲ, ಬಿದ್ದದ್ದು ಮಾತ್ರ ಭಯಂಕರ. ರೆಫರಿಗಳು ಐದು ನಿಮಿಷದ ಶಿಕ್ಷೆ ಕೊಟ್ಟರು. ಐದು ನಿಮಿಷದ ಶಿಕ್ಷೆ ಗೋಲು ಬಿದ್ದರೂ ಮುಗಿಯಲ್ಲ ಅಂದೆನಲ್ಲ? ಆ ಒಂದೇ ಶಿಕ್ಷೆಯ ಹೊತ್ತಿನಲ್ಲಿ ಸ್ಯಾನ್ ಹೋಸೆ ನಾಲ್ಕು ಗೋಲು ಹೊಡೆಯಿತು. ಕೊನೆಯ ನಿಮಿಷದಲ್ಲಿ ವೇಗಸ್ ಸಮ ಮಾಡಿದರೂ ಓವರ್‌ಟೈಮಿನಲ್ಲಿ ಸೋತು ಹೊರಬಿತ್ತು.

ಅದು ಐದು ನಿಮಿಷಕ್ಕೆ ತಕ್ಕ ತಪ್ಪಾಗಿರಲಿಲ್ಲ. ಲೀಗ್ ತಮ್ಮ ಹತ್ತಿರ ಕ್ಷಮೆ ಕೇಳಿತು ಅಂತ ವೇಗಸ್ ತಂಡದ ಆಡಳಿತವೇ ಹೇಳಿತು. ಪಂದ್ಯ ಮಾತ್ರ ಮತ್ತೆ ಆಡಿಸಲಿಲ್ಲ. ಫಲಿತಾಂಶವೂ ಬದಲಾಗಲಿಲ್ಲ. ಬದಲಾದದ್ದು ನಿಯಮ. ಮುಂದಿನ ಋತುವಿನಿಂದ ದೊಡ್ಡ ಶಿಕ್ಷೆ ಕೊಟ್ಟ ರೆಫರಿ ವಿಡಿಯೊ ನೋಡಿ ಅದನ್ನು ಎರಡು ನಿಮಿಷಕ್ಕೆ ಇಳಿಸಬಹುದು.

ವೇಗಸ್ ಅಭಿಮಾನಿಗೆ ಇದರಿಂದ ಸಮಾಧಾನ ಆಗುತ್ತಾ? ಆಗಲ್ಲ. ಆದರೆ ಆಮೇಲೆ ಆಡುವವರಿಗೆ ಆ ಅನ್ಯಾಯ ತಪ್ಪಿತು. ಆಗಲೇ ನೆನಪಿಟ್ಟುಕೊಳ್ಳಿ ಅಂದದ್ದು ಇದನ್ನೇ. ಐಸ್ ಹಾಕಿಯ ನಿಯಮ ಪುಸ್ತಕದಲ್ಲಿ ಎಷ್ಟೋ ಸಾಲುಗಳ ಹಿಂದೆ ಹೀಗೆ ಯಾರಿಗೋ ಆದ ಅನ್ಯಾಯ, ಯಾರೋ ಒಪ್ಪಿಕೊಂಡ ತಪ್ಪು ಇದೆ.

ಒಪ್ಪಿಕೊಳ್ಳದ ತಪ್ಪು ಏನು ಮಾಡುತ್ತೆ? ಅದಕ್ಕೂ ಒಂದು ಉದಾಹರಣೆ ಇದೆ. ಈ ಆಟದಲ್ಲಿ ಬಹಳ ಕಾಲದಿಂದ ಒಂದು ಗುಸುಗುಸು ಇತ್ತು: ರೆಫರಿಗಳು ‘ಸಮ ಮಾಡುತ್ತಾರೆ’ ಅಂತ. ಒಂದು ತಂಡಕ್ಕೆ ಎರಡು ಶಿಕ್ಷೆ ಕೊಟ್ಟಾಯಿತಾ, ಇನ್ನು ಆ ಕಡೆಯವರಿಗೂ ಏನಾದರೂ ಹುಡುಕು. ಮೊದಲು ತಪ್ಪಾಗಿ ಕೊಟ್ಟೆಯಾ, ಈಗ ಇನ್ನೊಂದು ತಪ್ಪು ಕೊಟ್ಟು ತಕ್ಕಡಿ ಸರಿಮಾಡು. 2021ರ ಮಾರ್ಚ್‌ನಲ್ಲಿ ನ್ಯಾಶ್‌ವಿಲ್ ಮತ್ತು ಡೆಟ್ರಾಯ್ಟ್ ನಡುವಿನ ಪಂದ್ಯದಲ್ಲಿ ಹಿರಿಯ ರೆಫರಿ ಟಿಮ್ ಪೀಲ್ ಅವರ ಮೈಕು ಆನ್ ಆಗೇ ಇತ್ತು. ಈಗ ಕೊಟ್ಟ ಶಿಕ್ಷೆ ಅಂಥದ್ದೇನಲ್ಲ, ನ್ಯಾಶ್‌ವಿಲ್‌ಗೆ ಬೇಗ ಒಂದು ಕೊಡಬೇಕು ಅಂತಿತ್ತು ಅನ್ನುವ ಅರ್ಥದ ಅವರ ಮಾತು ಟಿವಿಯಲ್ಲಿ ಎಲ್ಲರಿಗೂ ಕೇಳಿಸಿಬಿಟ್ಟಿತು. ಮರುದಿನವೇ ಲೀಗ್ ಅವರು ಇನ್ನು ಪಂದ್ಯ ನಡೆಸುವುದಿಲ್ಲ ಅಂತ ಘೋಷಿಸಿತು. ಅವರು ಹೇಗೂ ಬೇಗನೇ ನಿವೃತ್ತರಾಗುವವರಿದ್ದರು.

ನಾನು ಪೀಲ್ ಒಬ್ಬರನ್ನೇ ಕೆಟ್ಟವರು ಅನ್ನಲ್ಲ. ಸಮ ಮಾಡುವ ಆಸೆ ನಮ್ಮೆಲ್ಲರಲ್ಲೂ ಇದೆ. ಮನೆಯಲ್ಲಿ ಇಬ್ಬರು ಮಕ್ಕಳು ಜಗಳ ಆಡಿದರೆ ತಪ್ಪು ಯಾರದು ಅಂತ ನೋಡುವ ವ್ಯವಧಾನ ಇಲ್ಲದೆ ಇಬ್ಬರಿಗೂ ಒಂದೊಂದು ಏಟು ಕೊಟ್ಟು ಸಮ ಮಾಡುತ್ತೇವಲ್ಲ? ನೋಡುವವರಿಗೆ ಅದು ನ್ಯಾಯದ ಹಾಗೇ ಕಾಣುತ್ತೆ. ಆದರೆ ಏಟು ತಿಂದ ನಿರಪರಾಧಿ ಮಗುವಿಗೆ ಗೊತ್ತು ಅದು ಏನು ಅಂತ. ಒಂದು ತಪ್ಪಿಗೆ ಇನ್ನೊಂದು ತಪ್ಪು ಸೇರಿಸಿದರೆ ಲೆಕ್ಕ ತೀರಲ್ಲ. ಎರಡು ತಪ್ಪಾಗುತ್ತೆ, ಅಷ್ಟೇ.

ಈಗ ಆ ಭಾನುವಾರಕ್ಕೆ ವಾಪಸ್ ಹೋಗೋಣ.

ಹುಡುಗ ಗಾಜಿನ ಆಚೆ ನಿಂತಿದ್ದಾನೆ. ತೋಳಿನ ಹಸಿರು ಪಟ್ಟಿ ಏನು ಅಂತ ಹೇಳಿರಲಿಲ್ಲ. ಕೆನಡಾದ ಹಲವು ಕಡೆ ಹದಿನೆಂಟು ತುಂಬದ ರೆಫರಿಗಳು ಅದನ್ನು ಕಟ್ಟುತ್ತಾರೆ. ‘ಇದು ಇನ್ನೂ ಮಗು, ಬಾಯಿ ಹತೋಟಿಯಲ್ಲಿರಲಿ’ ಅಂತ ಪ್ರೇಕ್ಷಕರಿಗೆ ನೆನಪಿಸಲು. ಅಂಥ ಪಟ್ಟಿ ಬೇಕಾಗಿ ಬಂತಲ್ಲ ಅನ್ನೋದೇ ನಾಚಿಕೆಯ ವಿಷಯ. ದೊಡ್ಡವರ ಬೈಗುಳ ತಾಳಲಾರದೆ ಎಷ್ಟೋ ಮಕ್ಕಳು ಒಂದೆರಡು ವರ್ಷಕ್ಕೇ ಸೀಟಿ ಕೆಳಗಿಟ್ಟು ಹೋಗುತ್ತಾರೆ.

ಅವನು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಸೆಕೆಂಡು?

‘ಎಂಟು ಇರಬಹುದು, ಹತ್ತೂ ಇರಬಹುದು. ಖಚಿತ ಗೊತ್ತಿಲ್ಲ’ ಅಂದೆ. ಮತ್ತೆ, ಹೇಳಲೋ ಬೇಡವೋ ಅಂದುಕೊಳ್ಳುತ್ತಲೇ ‘ಗೋಲು ಹೊಡೆದ ತಂಡದಲ್ಲಿ ನನ್ನ ಮಗಳಿದ್ದಾಳೆ’ ಅಂತಲೂ ಹೇಳಿದೆ. ಅವನು ತಲೆಯಾಡಿಸಿದ. ಇನ್ನೊಬ್ಬ ರೆಫರಿ ಹತ್ತಿರ ಹೋಗಿ ಮಾತಾಡಿದ. ಆಮೇಲೆ ಇಬ್ಬರೂ ಕೋಚ್‌ಗಳನ್ನು ಕರೆದ.

ಗೋಲು ಉಳಿಯುತ್ತೆ ಅಂದ. ಗಡಿಯಾರ ತಡವಾಗಿ ಶುರುವಾಗಿದೆ ನಿಜ. ಆದರೆ ಎಷ್ಟು ತಡ ಅಂತ ಯಾರೂ ಖಚಿತವಾಗಿ ಹೇಳಲಾರರು. ಮಕ್ಕಳು ಆಡಿದ್ದು ಗೋಡೆ ಮೇಲಿನ ಗಡಿಯಾರ ನೋಡಿಕೊಂಡು, ಅದರಲ್ಲಿ ಸಮಯ ಇತ್ತು. ಊಹೆ ಮೇಲೆ ಗೋಲು ಅಳಿಸಲ್ಲ. ಉಳಿದ ನಾಲ್ಕು ಸೆಕೆಂಡು ಆಡೋಣ. ಕೊನೆಗೆ ಒಂದು ಮಾತು ಸೇರಿಸಿದ: ಇದು ನನ್ನ ತೀರ್ಮಾನ.

ಗಡಿಯಾರದವನ ತಪ್ಪು ಅಂತ ನನ್ನ ಕಡೆ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. ಎದುರು ತಂಡದ ಅಪ್ಪ ಅಮ್ಮಂದಿರು ಮೆಟ್ಟಿಲ ಮೇಲಿಂದ ಕೂಗತೊಡಗಿದರು. ಒಬ್ಬರು ಅವನ ವಯಸ್ಸಿನ ಬಗ್ಗೆ, ಇನ್ನೊಬ್ಬರು ಅವನ ಕಣ್ಣಿನ ಬಗ್ಗೆ. ಆ ನಾಲ್ಕು ಸೆಕೆಂಡು ಆಡಿಸುವಾಗ ಅವನ ಕಿವಿ ಕೆಂಪಗಾಗಿದ್ದು ನನಗೆ ಗಾಜಿನಾಚೆಯಿಂದಲೂ ಕಾಣುತ್ತಿತ್ತು. ಆದರೂ ಅವನು ಒಂದು ಕೆಲಸ ಮಾಡಲಿಲ್ಲ. ಆ ನಾಲ್ಕು ಸೆಕೆಂಡಿನಲ್ಲಿ ನಮ್ಮವರ ಮೇಲೆ ಒಂದು ತಪ್ಪು ಹುಡುಕಿ ಸಮ ಮಾಡಲು ಹೋಗಲಿಲ್ಲ. ಅಷ್ಟು ಕೂಗಿನ ನಡುವೆ ಅದು ಎಷ್ಟು ಸುಲಭವಿತ್ತು!

ಅವನ ತೀರ್ಮಾನ ಸರಿಯೋ ತಪ್ಪೋ? ನೀವು ಬೇರೆ ಥರ ಯೋಚಿಸಬಹುದು. ಗೋಲು ಅಳಿಸಬೇಕಿತ್ತು ಅಂತ ನನಗೇ ಎಷ್ಟೋ ಸಲ ಅನ್ನಿಸಿದೆ. ಆದರೆ ಅವನು ಗೊತ್ತಿದ್ದುದಕ್ಕೂ ಊಹೆಗೂ ನಡುವೆ ಒಂದು ಗೆರೆ ಎಳೆದ, ಯಾಕೆ ಅಂತ ಇಬ್ಬರಿಗೂ ಒಂದೇ ಮಾತಿನಲ್ಲಿ ಹೇಳಿದ, ಹೊಣೆ ತಾನೇ ಹೊತ್ತುಕೊಂಡ.

ಪಂದ್ಯ ಮುಗಿದ ಮೇಲೆ ಎರಡೂ ತಂಡದ ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರ ಕೈ ಮುಟ್ಟುತ್ತಾ ಹೋದರು. ದೊಡ್ಡವರ ಪ್ಲೇಆಫ್‌ನಲ್ಲೂ ಸರಣಿ ಮುಗಿದಾಗ ಇದು ತಪ್ಪದ ಪದ್ಧತಿ. ಎರಡು ವಾರ ಒಬ್ಬರನ್ನೊಬ್ಬರು ಗೋಡೆಗೆ ಗುದ್ದಿದವರು ಸಾಲಲ್ಲಿ ನಿಂತು ಕೈ ಕುಲುಕುತ್ತಾರೆ. ಮಕ್ಕಳು ಕೈ ಕುಲುಕಿ ಮುಗಿಸಿದರೂ ದೊಡ್ಡವರ ಕೂಗಾಟ ನಿಂತಿರಲಿಲ್ಲ. ನಾನು ಪೆಟ್ಟಿಗೆಯಿಂದ ಇಳಿದು ಎದುರು ತಂಡದ ಅಪ್ಪ ಅಮ್ಮಂದಿರು ನಿಂತಿದ್ದಲ್ಲಿಗೆ ಹೋದೆ. ‘ಗಡಿಯಾರ ನನ್ನ ಕೈಯಲ್ಲಿತ್ತು. ಮರೆತದ್ದು ನಾನು. ಆ ಹುಡುಗನನ್ನು ಬೈಯಬೇಡಿ’ ಅಂದೆ. ಒಬ್ಬರು ಸುಮ್ಮನೆ ಮುಖ ತಿರುಗಿಸಿದರು. ಇನ್ನೊಬ್ಬರು ‘ಹೋಗಲಿ ಬಿಡಿ, ಮುಂದಿನ ವಾರ ಗಡಿಯಾರದ ಸರದಿ ನನ್ನದು’ ಅಂತ ನಕ್ಕರು.

ಕಾರಿನಲ್ಲಿ ಮಗಳು ಕೇಳಿದಳು: ‘ಅಪ್ಪಾ, ಹಾಗಾದ್ರೆ ನಾವು ಸಮ ಮಾಡಿದ್ವಾ, ಸೋತ್ವಾ?’

‘ಬೋರ್ಡಿನಲ್ಲಿ ಸಮ ಪುಟ್ಟಿ’ ಅಂದೆ.

‘ನಿಜವಾಗ್ಲೂ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ನಿಜವಾಗ್ಲೂ ಅಪ್ಪ ಒಂದು ತಪ್ಪು ಮಾಡಿದ’ ಅಂತಷ್ಟೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿದಳು. ಆಮೇಲೆ, ‘ಎರಡು ನಿಮಿಷ ಕೂತ್ಕೋಬೇಕು ನೀನು’ ಅಂದಳು.

ಅವತ್ತಿನಿಂದ ನಾನೂ ಒಂದು ನಿಯಮ ಮಾಡಿಕೊಂಡಿದ್ದೇನೆ. ರೆಫರಿ ಪಕ್ ಹಿಡಿದು ಬಗ್ಗಿದಾಗ ಬೆರಳು ಸ್ವಿಚ್ಚಿನ ಮೇಲೆ, ಕಣ್ಣು ಪಕ್ಕಿನ ಮೇಲೆ. ಪಕ್ ಬಿದ್ದ ಕೂಡಲೇ ಬಾಯಿಬಿಟ್ಟು ‘ಗಡಿಯಾರ’ ಅನ್ನುತ್ತೇನೆ. ಕನ್ನಡದಲ್ಲೇ. ಪಕ್ಕದಲ್ಲಿ ಬಾಗಿಲು ಕಾಯುವವರು ಮೊದಮೊದಲು ವಿಚಿತ್ರವಾಗಿ ನೋಡುತ್ತಿದ್ದರು. ಈಗ ನಾನು ಮರೆತರೆ ಅವರೇ ಅನ್ನುತ್ತಾರೆ, ‘ಗಡಿಯಾರ’.